ಕೋಡ್ ಫ್ರೀಜ್

ತಂತ್ರಾಂಶದ ಹೊಸ ಆವೃತ್ತಿ ಬಿಡುಗಡೆಯಾಗುವ ಮುನ್ನ ಅದರ ಕೋಡ್ ಬದಲಿಸುವುದನ್ನು ನಿರ್ಬಂಧಿಸುವ ಅವಧಿ. ಈ ನಿರ್ಬಂಧ ಎಲ್ಲಕ್ಕಿಂತ ಮೊದಲು ಅನ್ವಯವಾಗಬೇಕಾದುದು ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಲೈಬ್ರರಿಗಳಿಗೆ. ಒಂದು ಪ್ರೋಗ್ರಾಂನಲ್ಲಿ ದೋಷ ನುಸುಳಿದರೆ ಸಾಮಾನ್ಯವಾಗಿ ಕೆಡುವುದು ಅದೊಂದೇ; ಲೈಬ್ರರಿಯಲ್ಲಿ ನುಸುಳಿದರೆ ಅದನ್ನು ನೆಚ್ಚಿಕೊಂಡ ಎಲ್ಲವೂ ಕೆಡಬಹುದು. ಅವನ್ನೆಲ್ಲ ಮತ್ತೆ ಪರೀಕ್ಷಿಸಲು ಕೊನೆಗಳಿಗೆಯಲ್ಲಿ ಸಮಯವಿರುವುದಿಲ್ಲ.

ಹೀಗೆ ಕೆಡಲು ಕಾರಣ ತೀರಾ ಚಿಕ್ಕದಿರಬಹುದು. ಸಿ ಭಾಷೆಯ ಲೈಬ್ರರಿಯೊಂದರ ಸ್ಟ್ರಕ್ಟ್‌ನ (ಹಲವು ಫೀಲ್ಡ್‌ಗಳನ್ನು ಒಟ್ಟಿಗೆ ಇಡುವ ರಚನೆಯ) ನಡುವೆ ಹೊಸ ಫೀಲ್ಡ್ ಸೇರಿಸಿದರೆ ಅದರ ನಂತರದ ಫೀಲ್ಡ್‌ಗಳು ಮೆಮೊರಿಯಲ್ಲಿ ಮುಂದಕ್ಕೆ ಸರಿಯುತ್ತವೆ. ಮೊದಲೇ ಕಂಪೈಲ್ ಆದ ಪ್ರೋಗ್ರಾಂ ಹಳೆಯ ಜಾಗದಲ್ಲೇ ಓದಿ ತಪ್ಪು ಮೌಲ್ಯ ಪಡೆಯುತ್ತದೆ. ಕ್ರ್ಯಾಶ್ ಆದರೆ ಕೂಡಲೇ ಗೊತ್ತಾಗುತ್ತದೆ. ಸದ್ದಿಲ್ಲದೆ ದತ್ತಾಂಶ ಕೆಟ್ಟರೆ ಪತ್ತೆಹಚ್ಚುವುದು ಬಲು ಕಷ್ಟ. ಲೈಬ್ರರಿಯನ್ನಷ್ಟೇ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ.

ಈ ಎಚ್ಚರವನ್ನು ನಿಯಮವಾಗಿಸಿದ ಅತ್ಯುತ್ತಮ ಮಾದರಿ ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ ರೂಪಿಸುವ ಡೆಬಿಯನ್ ಯೋಜನೆಯದು. ಅದರ 12ನೇ ಆವೃತ್ತಿ ‘ಬುಕ್‌ವರ್ಮ್’ ಹೊರಬಂದದ್ದು 2023ರ ಜೂನ್ 10ರಂದು. ಆದರೆ ಅವಲಂಬಿತ ಪ್ಯಾಕೇಜ್‌ಗಳನ್ನು ಮತ್ತೆ ಕಂಪೈಲ್ ಮಾಡಬೇಕಾಗಿಸುವ ಲೈಬ್ರರಿ ಬದಲಾವಣೆಗಳಿಗೂ ಕಂಪೈಲರ್‌ನಂಥ ಮೂಲ ಸಲಕರಣೆಗಳಿಗೂ ಜನವರಿ 12ರಂದೇ ತಡೆ ಬಿದ್ದಿತ್ತು. ಫೆಬ್ರುವರಿ 12ರಿಂದ ಸಣ್ಣ, ನಿರ್ದಿಷ್ಟ ತಿದ್ದುಪಡಿಗಳಿಗಷ್ಟೇ ಅವಕಾಶ. ಮಾರ್ಚ್ 12ರಿಂದ ಇನ್ನಷ್ಟು ಬಿಗಿ. ಮೇ 24ರ ನಂತರ ಪ್ರತಿ ಬದಲಾವಣೆಗೂ ಬಿಡುಗಡೆ ತಂಡದ ಒಪ್ಪಿಗೆ ಬೇಕಿತ್ತು. ಅದನ್ನು ಕೇಳುವವರು ಹಳೆಯ, ಹೊಸ ಕೋಡ್‌ಗಳ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸಬೇಕು.

ಗಂಭೀರ ಭದ್ರತಾ ದೋಷವನ್ನು ಮಾತ್ರ ಫ್ರೀಜ್ ನಡುವೆಯೂ ಸರಿಪಡಿಸಲೇಬೇಕು. ಆಗ ಲೈಬ್ರರಿಯ ಹೊಸ ಆವೃತ್ತಿಯನ್ನು ಇಡಿಯಾಗಿ ತರದೆ, ಅಗತ್ಯವಿರುವ ಸಾಲುಗಳನ್ನಷ್ಟೇ ಹಳೆಯದಕ್ಕೆ ಸೇರಿಸುವ ಬ್ಯಾಕ್‌ಪೋರ್ಟ್ ಪದ್ಧತಿ ರೂಢಿಯಲ್ಲಿದೆ.