ಗ್ರಂಥಾಲಯಕ್ಕೆ ಸೂತ್ರ ಬರೆದ ಗಣಿತದ ಮೇಷ್ಟ್ರು

ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಹೋದಾಗ ನೀವು ಏನನ್ನು ಗಮನಿಸುತ್ತೀರಿ? ಪುಸ್ತಕಗಳ ಸಾಲು, ಓದುವ ಕೊಠಡಿ, ಎರವಲು ಕೌಂಟರು, ಗ್ರಂಥಸೂಚಿ ಇವೆಲ್ಲ ತಾವಾಗಿಯೇ ಬಂದು ಅಲ್ಲಿ ನೆಲೆಸಿದಂತೆ ತೋರುತ್ತವೆ. ಆದರೆ ಪ್ರಯೋಗಾಲಯದ ಉಪಕರಣಗಳಿಗೆ ಇರುವಂತೆ ಇವುಗಳ ವಿನ್ಯಾಸಕ್ಕೂ ತತ್ತ್ವಗಳಿವೆ. ಅವನ್ನು ಐದು ಪುಟ್ಟ ವಾಕ್ಯಗಳಲ್ಲಿ ಹಿಡಿದಿಟ್ಟವರು ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ (1892-1972).

ಅಂದಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದ ರಂಗನಾಥನ್, ಗಣಿತದಲ್ಲಿ ಎಂ.ಎ. ಮುಗಿಸಿ 1917ರಲ್ಲಿ ಅಧ್ಯಾಪಕ ವೃತ್ತಿ ಆರಂಭಿಸಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಮಂಗಳೂರು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮುಂದೆ ಕೊಯಮತ್ತೂರು, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. 1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾದರು. ಪಾಠ ಹೇಳಿ ಅಭ್ಯಾಸವಿದ್ದವರಿಗೆ ಆ ಮೌನ ಸಹಿಸಲಾಗಲಿಲ್ಲ. ಕೆಲವೇ ದಿನಗಳಲ್ಲಿ ತರಗತಿಗೆ ಮರಳಲು ಹವಣಿಸಿದರು. 'ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಆಗಲೂ ಬೇಡವೆನಿಸಿದರೆ ನೋಡೋಣ' ಎಂಬ ಷರತ್ತಿನ ಮೇಲೆ ಹೊರಟರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಲಿಯುತ್ತ ಅವರು ಬ್ರಿಟನ್ನಿನ ಅನೇಕ ಗ್ರಂಥಾಲಯಗಳನ್ನು ಸುತ್ತಿದರು. ಅಲ್ಲಿ ಗ್ರಂಥಾಲಯ ಎಂದರೆ ಉಗ್ರಾಣವಾಗಿರಲಿಲ್ಲ; ಎಲ್ಲ ಬಗೆಯ ಜನ ಬಳಸುವ ಸೇವೆಯಾಗಿತ್ತು. 1925ರಲ್ಲಿ ಹಿಂದಿರುಗಿದ ಮೇಲೆ ತರಗತಿಯ ಮಾತನ್ನು ಅವರು ಎತ್ತಲಿಲ್ಲ.

ಆದರೆ ಗಣಿತಜ್ಞನ ಮನಸ್ಸಿಗೆ ಒಂದು ಕೊರತೆ ಕಾಡಿತು. ಗ್ರಂಥಾಲಯಗಳಲ್ಲಿ ನೂರಾರು ಪದ್ಧತಿಗಳಿದ್ದವು. ಅವೆಲ್ಲ ಹೊಮ್ಮುವ ಮೂಲತತ್ತ್ವಗಳು ಯಾವುವು? 1928ರಲ್ಲಿ ಅವರ ಗಣಿತದ ಗುರು ಎಡ್ವರ್ಡ್ ರಾಸ್ ಅವರೊಡನೆ ಮಾತನಾಡುವಾಗ ಮೊದಲ ಸೂತ್ರ ಹೊಳೆಯಿತು. ಉಳಿದವು ಅದರ ಬೆನ್ನಿಗೇ ಬಂದವು. 1931ರಲ್ಲಿ ಪುಸ್ತಕವಾಗಿ ಪ್ರಕಟವಾದ ಆ ಪಂಚಸೂತ್ರಗಳ ತಿರುಳು ಹೀಗಿದೆ:

1. ಪುಸ್ತಕಗಳಿರುವುದು ಬಳಕೆಗಾಗಿ.
2. ಪ್ರತಿ ಓದುಗನಿಗೂ ಅವನ ಪುಸ್ತಕ.
3. ಪ್ರತಿ ಪುಸ್ತಕಕ್ಕೂ ಅದರ ಓದುಗ.
4. ಓದುಗನ ಸಮಯ ಉಳಿಸಿ.
5. ಗ್ರಂಥಾಲಯ ಬೆಳೆಯುವ ಜೀವಿ.

ಇಷ್ಟು ಸರಳವೇ ಎನಿಸಬಹುದು. ನ್ಯೂಟನ್ನನ ನಿಯಮಗಳೂ ಹಾಗೆಯೇ ಅಲ್ಲವೆ? ಅವುಗಳ ಶಕ್ತಿ ತಿಳಿಯುವುದು ಅನ್ವಯಿಸಿದಾಗ. ಮೊದಲ ಸೂತ್ರವನ್ನು ಒಪ್ಪಿದರೆ ಗ್ರಂಥಾಲಯ ಜನ ಸೇರುವ ಕಡೆ ಇರಬೇಕು, ಓದುಗರಿಗೆ ಬಿಡುವಿರುವಾಗ ತೆರೆದಿರಬೇಕು, ಕಪಾಟಿನ ಮೇಲಿನ ಹಂತ ಕೈಗೆ ಎಟುಕಬೇಕು. ಮೂರನೆಯದನ್ನು ಒಪ್ಪಿದರೆ ಓದುಗರನ್ನು ಕಪಾಟಿನ ಬಳಿಗೆ ಬಿಡಬೇಕು. ಹುಡುಕಿದ ಪುಸ್ತಕದ ಪಕ್ಕದಲ್ಲೇ, ಹುಡುಕದ ಆದರೆ ಬೇಕಾದ ಪುಸ್ತಕ ಸಿಗುವುದು ಹಾಗೆ. ನಾಲ್ಕನೆಯದಕ್ಕೆ ಒಂದು ಲೆಕ್ಕ ಮಾಡಿ ನೋಡಿ. ದಿನಕ್ಕೆ 200 ಮಂದಿ ಚೀಟಿ ಬರೆದುಕೊಟ್ಟು ತಲಾ 15 ನಿಮಿಷ ಕಾದರೆ ವ್ಯರ್ಥವಾಗುವುದು 50 ಗಂಟೆ! ಓದುಗರಿಗೆ ನೆರವಾಗಲೆಂದೇ ಸಿಬ್ಬಂದಿಯನ್ನು ಇರಿಸುವ ಪರಾಮರ್ಶನ ಸೇವೆಯ ಸಮರ್ಥನೆ ಈ ಸೂತ್ರಗಳಲ್ಲೇ ಇದೆ.

ಪಕ್ಕದ ಪುಸ್ತಕ ಯಾವುದೆಂದು ನಿರ್ಧರಿಸುವುದು ವರ್ಗೀಕರಣ. 1876ರಲ್ಲಿ ಬಂದ ಡ್ಯೂಯಿ ಪದ್ಧತಿಯಲ್ಲಿ ವಿಷಯಗಳ ಸಿದ್ಧ ಪಟ್ಟಿಯಿದ್ದು, ಹೊಸ ವಿಷಯ ಹುಟ್ಟಿದಾಗ ಅದನ್ನು ಪಟ್ಟಿಯಲ್ಲಿ ತುರುಕಬೇಕಾಗುತ್ತಿತ್ತು. ಲಂಡನ್ನಿನ ಅಂಗಡಿಯೊಂದರಲ್ಲಿ ರಂಗನಾಥನ್ ಮೆಕ್ಯಾನೊ ಆಟಿಕೆ ನೋಡಿದ್ದರು. ಕೆಲವೇ ಪಟ್ಟಿ, ತಿರುಪುಗಳಿಂದ ಹಲವು ಆಕೃತಿಗಳು! ವಿಷಯಗಳನ್ನೂ ಹೀಗೆ ಏಕೆ ಜೋಡಿಸಬಾರದು? 1933ರ ಅವರ ಕೋಲನ್ ವರ್ಗೀಕರಣದಲ್ಲಿ ತಿರುಪಿನ ಕೆಲಸ ಮಾಡಿದ್ದು ಕೋಲನ್, ಅಂದರೆ ಎರಡು ಚುಕ್ಕಿಯ ಚಿಹ್ನೆ. 'ಭಾರತದಲ್ಲಿ ಕ್ಷಯರೋಗದ ಚಿಕಿತ್ಸೆ' ಎಂಬ ವಿಷಯಕ್ಕೆ ವೈದ್ಯಕೀಯ, ಕ್ಷಯ, ಚಿಕಿತ್ಸೆ, ಭಾರತ ಎಂಬ ಬಿಡಿಭಾಗಗಳ ಸಂಕೇತಗಳನ್ನು ಜೋಡಿಸಿದರಾಯಿತು. ಮುಂದೆ ಎಲ್ಲ ಬಿಡಿಭಾಗಗಳನ್ನೂ ಅವರು ಐದು ಮೂಲ ವರ್ಗಗಳಲ್ಲಿ ಅಡಗಿಸಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಕೊನೆಯ ನಾಲ್ಕು ಭೌತಶಾಸ್ತ್ರದ ವಿದ್ಯಾರ್ಥಿಗೆ ಹಳೆಯ ಪರಿಚಿತರೇ!

ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ 1936ರಲ್ಲಿ ಮರೀನಾ ಕಡಲತೀರದ ಎದುರು ಸ್ವಂತ ಕಟ್ಟಡವಾಯಿತು. ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ರಂಗನಾಥನ್, 1962ರಲ್ಲಿ ಇಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಇಲ್ಲಿಯೇ ನಿಧನರಾದರು.

ಇಷ್ಟಾದರೂ ಎಷ್ಟೋ ಕಡೆ ಕಪಾಟಿನ ಬೀಗ ಬಿದ್ದೇ ಇರುತ್ತದೆ. ಕಾರಣ ಭಯ: ಪುಸ್ತಕ ಕಳೆದರೆ ಹೊಣೆ ಯಾರು? ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಇದಕ್ಕೆ ಏನು ಹೇಳುತ್ತವೆ, ನೋಡಿ. ವರ್ಷದಲ್ಲಿ ಎರವಲು ಹೋದ ಇಲ್ಲವೆ ಬಳಕೆಯಾದ ಪ್ರತಿ 1000 ಪುಸ್ತಕಗಳಿಗೆ 5 ಕಳೆದರೆ, ಅದಕ್ಕೆ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು. ಬೆಲೆ 1000 ರೂಪಾಯಿ ಮೀರಿದ ಪುಸ್ತಕ ಅಥವಾ ಅಪರೂಪದ ಗ್ರಂಥ ಕಳೆದರೆ ಮಾತ್ರ ತನಿಖೆ ಕಡ್ಡಾಯ. ಇಲ್ಲಿ ಛೇದವನ್ನು ಗಮನಿಸಿ. ಅದು ಕಪಾಟಿನಲ್ಲಿರುವ ಪುಸ್ತಕಗಳ ಸಂಖ್ಯೆಯಲ್ಲ, ಬಳಕೆಯಾದವುಗಳ ಸಂಖ್ಯೆ. ಬಳಕೆ ಹೆಚ್ಚಿದಷ್ಟೂ ಸಹಿಸಬಹುದಾದ ನಷ್ಟದ ಮಿತಿಯೂ ಹೆಚ್ಚುತ್ತದೆ. ಬೀಗ ಹಾಕಿದ ಕಪಾಟಿಗೆ ಆ ಮಿತಿ ಸೊನ್ನೆ!

ಅಧ್ಯಾಪಕರೇ, ನಿಮ್ಮ ಕಾಲೇಜಿನ ಗ್ರಂಥಾಲಯವನ್ನು ಈ ಐದು ಸೂತ್ರಗಳಿಂದ ಪರೀಕ್ಷಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿ. ಕೈಗೆ ಎಟುಕದ ಹಂತಗಳೆಷ್ಟು? ಒಂದು ಪುಸ್ತಕಕ್ಕೆ ಎಷ್ಟು ನಿಮಿಷ ಕಾಯಬೇಕು? ಕಳೆದ ವರ್ಷ ಒಮ್ಮೆಯೂ ಹೊರಬಾರದ ಪುಸ್ತಕಗಳೆಷ್ಟು? ಗಡಿಯಾರ, ಅಳತೆಪಟ್ಟಿ, ಒಂದು ನೋಟ್‌ಬುಕ್ ಸಾಕು. ಬಂದ ಅಂಕಿಗಳನ್ನು ಗ್ರಂಥಪಾಲಕರ ಮುಂದೆ ಮಾತ್ರವಲ್ಲ, ಪ್ರಾಂಶುಪಾಲರ ಮುಂದೆಯೂ ಇಡಿ. ಬೀಗ ತೆಗೆಯುವ ಧೈರ್ಯವನ್ನು ಗ್ರಂಥಪಾಲಕರಿಗೆ ಕೊಡಬೇಕಾದವರು ಅವರೇ ತಾನೆ?