ವಿಷಕ್ಕೆ ಜಗ್ಗದ ಇಲಿ ಸೋಂಕಿಗೆ ಯಾಕೆ ಸೋತಿತು?

ಮೈಯೊಳಗೆ ಬ್ಯಾಕ್ಟೀರಿಯಾ ನುಗ್ಗಿದೆ ಅಂತ ಬಿಳಿ ರಕ್ತಕಣಕ್ಕೆ ಗೊತ್ತಾಗೋದು ಹೇಗೆ? ಇದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 1998ರಲ್ಲಿ, ಅದೂ ಒಂದು ವಿಚಿತ್ರ ಇಲಿ ತಳಿಯಿಂದ.

ಕಥೆ ಶುರುವಾಗೋದು ಅದಕ್ಕೂ ನೂರು ವರ್ಷ ಹಿಂದೆ, ಬರ್ಲಿನ್‌ನಲ್ಲಿ. ರಿಚರ್ಡ್ ಫೈಫರ್ ಕಾಲರಾ ಬ್ಯಾಕ್ಟೀರಿಯಾವನ್ನು ಬಿಸಿ ಮಾಡಿ ಕೊಂದು ಗಿನಿಪಿಗ್‌ಗಳಿಗೆ ಚುಚ್ಚಿದರು. ಸತ್ತ ಬ್ಯಾಕ್ಟೀರಿಯಾದಿಂದಲೂ ಗಿನಿಪಿಗ್‌ಗಳು ಸತ್ತವು. ಅಂದರೆ ವಿಷ ಇರೋದು ಬ್ಯಾಕ್ಟೀರಿಯಾದ ಮೈಯಲ್ಲೇ. ಅದನ್ನು ಎಂಡೋಟಾಕ್ಸಿನ್ ಅಂತ ಕರೆದರು. ಅದು ಹೊರಪೊರೆಯಲ್ಲಿರುವ ಲೈಪೋಪಾಲಿಸ್ಯಾಕರೈಡ್, ಚಿಕ್ಕದಾಗಿ ಎಲ್‌ಪಿಎಸ್, ಅಂತ ಆಮೇಲೆ ತಿಳಿಯಿತು.

1960ರ ದಶಕದಲ್ಲಿ ಅಮೆರಿಕದಲ್ಲಿ ಸಿ3ಎಚ್/ಎಚ್ಇಜೆ ಎಂಬ ಇಲಿ ತಳಿ ಗಮನಕ್ಕೆ ಬಂತು. ಬೇರೆ ಇಲಿಗಳನ್ನು ಕೊಲ್ಲುವಷ್ಟು ಎಲ್‌ಪಿಎಸ್ ಕೊಟ್ಟರೂ ಇದಕ್ಕೆ ಏನೂ ಆಗುತ್ತಿರಲಿಲ್ಲ. ಪುಣ್ಯವಂತ ಇಲಿ ಅಲ್ವಾ? ಅಲ್ಲ! ಜೀವಂತ ಸಾಲ್ಮೊನೆಲ್ಲಾ ಕೊಟ್ಟರೆ ಬೇರೆ ಇಲಿಗಳು ತಡೆದುಕೊಳ್ಳುವ ಪ್ರಮಾಣಕ್ಕೇ ಇದು ಸಾಯುತ್ತಿತ್ತು.

ನನಗೆ ಈ ಚರಿತ್ರೆಯಲ್ಲಿ ಅತಿ ಮುಖ್ಯ ಅನ್ನಿಸೋದು ಇದೇ ಜಾಗ. ಎಲ್‌ಪಿಎಸ್ ತಾನಾಗಿ ಕೊಲ್ಲೋದಿಲ್ಲ. ಅದನ್ನು ಕಂಡು ಬಿಳಿ ರಕ್ತಕಣಗಳು ಟಿಎನ್‌ಎಫ್‌ನಂಥ ಪ್ರೋಟೀನುಗಳನ್ನು ಸುರಿಸುತ್ತವೆ; ಆ ಅಬ್ಬರ ಮಿತಿಮೀರಿದಾಗ ರಕ್ತದೊತ್ತಡ ಕುಸಿದು ಜೀವ ಹೋಗುತ್ತದೆ. ಈ ಇಲಿಯ ಕಣಗಳಿಗೆ ಎಲ್‌ಪಿಎಸ್ ಕಾಣಿಸೋದೇ ಇಲ್ಲ. ಹಾಗಾಗಿ ಅಬ್ಬರವೂ ಇಲ್ಲ, ಕಾವಲೂ ಇಲ್ಲ.

ಡಲ್ಲಾಸ್‌ನ ಬ್ರೂಸ್ ಬಾಯ್ಟ್ಲರ್ ಈ ಇಲಿಯ ದೋಷ ಯಾವ ಜೀನ್‌ನಲ್ಲಿದೆ ಅಂತ ವರ್ಷಗಟ್ಟಲೆ ಹುಡುಕಿದರು. 1998ರಲ್ಲಿ ಸಿಕ್ಕಿತು: ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಪ್ರೋಲೀನ್ ಇರಬೇಕಾದ ಕಡೆ ಹಿಸ್ಟಿಡೀನ್ ಕೂತಿತ್ತು. ಕೋಡ್ ಬರೆಯುವ ನಮ್ಮಂಥವರಿಗೆ ಇದು ಹೊಸದಲ್ಲ. ಒಂದಕ್ಷರ ತಪ್ಪಿದರೆ ಇಡೀ ಸಿಸ್ಟಮ್ ಮಲಗುತ್ತೆ. ಆ ಜೀನ್ ಹೇಳಿಕೊಡುವ ಗ್ರಾಹಕವೇ ಟಿಎಲ್‌ಆರ್4.

'ಟೋಲ್' ಎಂಬ ಹೆಸರು ಬಂದದ್ದು ಹಣ್ಣಿನ ನೊಣದ ಜೀನ್‌ನಿಂದ. ಅದು ನೊಣವನ್ನು ಶಿಲೀಂಧ್ರದಿಂದ ಕಾಪಾಡುತ್ತದೆ ಅಂತ 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ತಂಡ ತೋರಿಸಿತ್ತು. ಇಂಥ ಗ್ರಾಹಕಗಳು ಇರಲೇಬೇಕು ಅಂತ 1989ರಲ್ಲೇ ವಾದಿಸಿದವರು ಯೇಲ್‌ನ ಚಾರ್ಲ್ಸ್ ಜೇನ್‌ವೇ. 1997ರಲ್ಲಿ ಅವರೂ ರುಸ್ಲಾನ್ ಮೆಡ್‌ಜಿಟೋವ್ ಅವರೂ ಮನುಷ್ಯರಲ್ಲಿ ಟೋಲ್‌ನ ಸಂಬಂಧಿಯನ್ನು ಗುರುತಿಸಿದ್ದರು. ಬಾಯ್ಟ್ಲರ್, ಹಾಫ್‌ಮನ್ ಇಬ್ಬರಿಗೂ 2011ರಲ್ಲಿ ನೊಬೆಲ್ ಬಂತು. ಜೇನ್‌ವೇ 2003ರಲ್ಲೇ ತೀರಿಕೊಂಡಿದ್ದರು.

ಹಾಗಾದರೆ ಟಿಎಲ್‌ಆರ್4 ಬಾಯಿ ಮುಚ್ಚಿಸಿದರೆ ಸೆಪ್ಸಿಸ್ ರೋಗಿ ಬದುಕಬೇಕಲ್ಲ? ಎರಿಟೋರಾನ್ ಎಂಬ ಔಷಧ ಮಾಡೋದು ಅದನ್ನೇ. ಸುಮಾರು 2000 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2013ರಲ್ಲಿ ಪ್ರಕಟವಾಯಿತು: 28 ದಿನಗಳೊಳಗಿನ ಸಾವು ಕಡಿಮೆಯಾಗಲಿಲ್ಲ. ರೋಗಿ ಐಸಿಯು ತಲುಪುವ ಹೊತ್ತಿಗೆ ಗಂಟೆ ಬಾರಿಸಿ ಆಗಿರುತ್ತದೆ. ಬಾರಿಸುವ ಮೊದಲೇ ಗಂಟೆ ಕಟ್ಟಿಹಾಕಿದರೆ ಏನಾಗುತ್ತದೆ ಅಂತ ಆ ಇಲಿ ಯಾವತ್ತೋ ತೋರಿಸಿಕೊಟ್ಟಿತ್ತು.