‘ಅಲ್ಲಿ ಸೇಫಾ?’ ಅನ್ನೋದು ಅರ್ಧ ಪ್ರಶ್ನೆ

ಥಾಯ್ಲೆಂಡ್, ವಿಯೆಟ್ನಾಂ, ಶ್ರೀಲಂಕಾ ಅಂತ ಪ್ಲ್ಯಾನ್ ಹಾಕುವ ಗೆಳೆಯರು ನನ್ನನ್ನು ಕೇಳೋದು ಒಂದೇ: ‘ಅಲ್ಲಿ ಸೇಫಾ?’ ಎಂಜಿನಿಯರಿಂಗ್ ಓದಿದವರಿಗೆ ಅಪಾಯ ಅಂದ್ರೆ ಘಟನೆಯ ಸಾಧ್ಯತೆ ಗುಣಿಸು ಪರಿಣಾಮ. ಪತ್ರಕರ್ತನಾದ ಮೇಲೆ ನಾನು ಇನ್ನೊಂದು ಪ್ರಶ್ನೆ ಸೇರಿಸಿಕೊಂಡೆ: ಅದನ್ನು ತಗ್ಗಿಸೋದು ಯಾರ ಕೈಯಲ್ಲಿದೆ?

ಸರ್ಕಾರದ ಕೈಯಲ್ಲಿರುವ ಅಪಾಯ: 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಶ್ರೀಲಂಕಾದ ಚರ್ಚ್, ಹೋಟೆಲ್‌ಗಳಲ್ಲಿ ಬಾಂಬ್ ಸ್ಫೋಟಿಸಿ 250ಕ್ಕೂ ಹೆಚ್ಚು ಜನ ಸತ್ತರು. ಲೋಕಸಭೆ ಚುನಾವಣೆಯ ಕೆಲಸ ಮುಗಿಸಿ ವಿಶ್ರಾಂತಿಗೆಂದು ಕೊಲಂಬೊಗೆ ಹೋಗಿದ್ದ ನಮ್ಮ ಜೆಡಿಎಸ್ ಕಾರ್ಯಕರ್ತರೂ ಅವರಲ್ಲಿದ್ದರು. ದಾಳಿಯ ಬಗ್ಗೆ ಭಾರತದ ಗುಪ್ತಚರ ಮಾಹಿತಿ ಮೊದಲೇ ಕೊಲಂಬೊ ತಲುಪಿತ್ತು. ಅಲ್ಲಿನ ಸರ್ಕಾರ ತಡೆಯಲಿಲ್ಲ. ಪ್ರವಾಸಿ ಎಷ್ಟೇ ಲೆಕ್ಕ ಹಾಕಿದ್ದರೂ ಇದು ಗೊತ್ತಾಗುತ್ತಿರಲಿಲ್ಲ. ಇಂಥದ್ದಕ್ಕೆ ವಿದೇಶಾಂಗ ಸಚಿವಾಲಯದ ಸಲಹೆ ಓದಿ, ರಾಯಭಾರ ಕಚೇರಿಯ ನಂಬರ್ ಇಟ್ಟುಕೊಳ್ಳಿ. ಆದರೆ ಸಲಹೆ ಬಂದಿಲ್ಲ ಅಂದ್ರೆ ಅಪಾಯವಿಲ್ಲ ಅಂತ ಅರ್ಥವಲ್ಲ.

ನಮ್ಮ ಕೈಯಲ್ಲಿರುವ ಅಪಾಯ: ಬಾಡಿಗೆ ಸ್ಕೂಟರ್. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಅಂದಾಜಿನಲ್ಲಿ ಥಾಯ್ಲೆಂಡ್‌ನಲ್ಲಿ ಲಕ್ಷ ಜನಕ್ಕೆ ವರ್ಷಕ್ಕೆ ಸುಮಾರು 25 ಮಂದಿ ರಸ್ತೆಯಲ್ಲಿ ಸಾಯುತ್ತಾರೆ. ಬಹುಪಾಲು ಬೈಕ್ ಸವಾರರು. ಇದು ಯಾರ ಬ್ರೇಕಿಂಗ್ ನ್ಯೂಸೂ ಆಗಲ್ಲ.

ಹೊರಡುವ ಮುನ್ನ ಮೈಸೂರಿನವರು ಚಾಮರಾಜಪುರಂನ ಆರ್‌ಟಿಒದಂಥ ಕಚೇರಿಯಿಂದ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಪಡೆಯಬಹುದು. ಡಿಎಲ್‌ನಲ್ಲಿ ಬೈಕ್ ವರ್ಗ ಇಲ್ಲದಿದ್ದರೆ ಪರ್ಮಿಟ್‌ನಲ್ಲೂ ಅದು ಬರಲ್ಲ. ಇಲ್ಲೊಂದು ಸೂಕ್ಷ್ಮವಿದೆ: ಭಾರತ ಕೊಡೋದು 1949ರ ಜಿನೀವಾ ಒಪ್ಪಂದದ ಪರ್ಮಿಟ್. ಥಾಯ್ಲೆಂಡ್ ಅದನ್ನು ಒಪ್ಪುತ್ತೆ. ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ್ದನ್ನು. ಅಂಗಡಿಯವನು ಕೀ ಕೊಟ್ಟ ಮಾತ್ರಕ್ಕೆ ನಿಮ್ಮ ಸವಾರಿ ಕಾನೂನುಬದ್ಧ ಆಗಲ್ಲ.

ಪರಿಣಾಮ ದುಬಾರಿಯಾಗೋದು ಇಲ್ಲೇ. ಮಾನ್ಯ ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ದರೆ ಪ್ರಯಾಣ ವಿಮೆ ಸಾಮಾನ್ಯವಾಗಿ ಕೈಕೊಡುತ್ತೆ. ಆಸ್ಪತ್ರೆ ಬಿಲ್ಲು ಮನೆಯವರ ತಲೆಗೆ. ಪಾಲಿಸಿಯಲ್ಲಿ ದ್ವಿಚಕ್ರ ವಾಹನ, ಹೆಲ್ಮೆಟ್, ಮದ್ಯ, ಊರಿಗೆ ವಾಪಸ್ ಕರೆತರುವ ವೆಚ್ಚ — ಈ ನಾಲ್ಕು ಷರತ್ತು ಹುಡುಕಿ ಓದಿ. ಉತ್ತರ ಸಿಗದಿದ್ದರೆ ಅಲ್ಲಿ ಬಸ್ಸು, ಟ್ಯಾಕ್ಸಿ ಹಿಡಿಯಿರಿ. ಟ್ರಿಪ್ ರದ್ದು ಮಾಡಬೇಕಾಗಿಲ್ಲ.